ಗುರುತಿಲ್ಲದ ಹಳೇ ಪ್ರೊಸೆಸರ್: ಕಾಲು ಎಣಿಸಿ ಹೆಸರು ಪತ್ತೆ ಮಾಡುವುದು ಹೇಗೆ?

ಕೋಲಾರದ ಕ್ಲಾಕ್ ಟವರ್ ಹತ್ತಿರ ನಾನು ಆಗಾಗ ಹೋಗುವ ಒಂದು ಗುಜರಿ ಅಂಗಡಿ ಇದೆ. ರದ್ದಿ ಪೇಪರ್, ಕಬ್ಬಿಣ, ಹಿತ್ತಾಳೆ ಜೊತೆಗೆ ಅಲ್ಲಿಗೆ ಹಳೇ ಕಂಪ್ಯೂಟರ್ ಬೋರ್ಡ್‌ಗಳೂ ಬರುತ್ತವೆ. ಒಂದು ದಿನ ಅಂಗಡಿಯವರು ಹಸಿರು ಬೋರ್ಡೊಂದನ್ನು ಮುಂದಿಟ್ಟರು. ಪುಟ್ಟ ಕೀಪ್ಯಾಡ್, ಆರು ಅಂಕಿ ತೋರಿಸುವ ಕೆಂಪು ಡಿಸ್‌ಪ್ಲೇ, ಎರಡು ಖಾಲಿ ಸಾಕೆಟ್. ಸಾಕೆಟ್‌ನಲ್ಲಿದ್ದ ಎರಡು ಚಿಪ್‌ಗಳನ್ನು ಅಂಗಡಿಯ ಹುಡುಗ ಆಗಲೇ ಕಿತ್ತು ಬಿಸ್ಕತ್ ಡಬ್ಬಿಗೆ ಹಾಕಿದ್ದ. ಎರಡಕ್ಕೂ ನಲವತ್ತು ಕಾಲು. ಎರಡರ ಮೇಲೂ ಒಂದಕ್ಷರ ಇಲ್ಲ.

"ಮೇಷ್ಟ್ರೇ, ಇದ್ರೊಳಗೆ ಚಿನ್ನ ಐತಂತೆ. ಆಸಿಡ್‌ಗೆ ಹಾಕೋರು ಕೆಜಿ ಲೆಕ್ಕದಲ್ಲಿ ಕೇಳ್ತಾವ್ರೆ. ಕೊಟ್ಬಿಡ್ಲಾ?"

"ಒಂದು ವಾರ ತಡೀರಿ ಅಣ್ಣ. ಇದು ಯಾವುದು ಅಂತ ಪತ್ತೆ ಮಾಡಿ ಹೇಳ್ತೀನಿ" ಅಂದೆ.

ನಮ್ಮ ಜಿಲ್ಲೆಯವರಿಗೆ ಚಿನ್ನದ ಲೆಕ್ಕ ಹೊಸದಲ್ಲ. ಕೆಜಿಎಫ್‌ನಲ್ಲಿ ಒಂದು ಟನ್ ಅದಿರು ಅರೆದು ಕೆಲವೇ ಗ್ರಾಂ ಚಿನ್ನ ತೆಗೆಯುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಹಾಗೇ ಉಳಿದವು. ಗಾಳಿ ಜೋರಾದ ದಿನ ಆ ದೂಳು ಮನೆಯೊಳಗೇ ಬರುತ್ತದೆ. ಚಿಪ್‌ನ ಕಾಲಿಗೆ, ಮುಚ್ಚಳಕ್ಕೆ ಬಳಿದ ಚಿನ್ನ ಬರೀ ಒಂದು ತೆಳು ಪದರ. ಅದಕ್ಕಾಗಿ ಹಿತ್ತಲಲ್ಲಿ ಆಸಿಡ್ ಕಾಯಿಸಿ ಆ ಹೊಗೆ ಕುಡಿಯುವುದು ಬೇಡ. ಚಿಪ್ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಬೇಕಾದ ಸಾಮಾನು ಜಾಸ್ತಿ ಇಲ್ಲ: ಫ್ರೀಕ್ವೆನ್ಸಿಯನ್ನೂ ಅಳೆಯುವ ಒಂದು ಮಲ್ಟಿಮೀಟರ್, ಒಂದು ಭೂತಗನ್ನಡಿ, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಚಿಪ್ ಚುಚ್ಚಿ ಕೂರಿಸುವ ಹಲಗೆ), 5 ವೋಲ್ಟ್ ಸಪ್ಲೈ, ಎರಡು ಮೂರು ಕ್ರಿಸ್ಟಲ್ (ಚಿಪ್‌ಗೆ ಗಡಿಯಾರದ ಮಿಡಿತ ಕೊಡುವ ಪುಟ್ಟ ಬಿಡಿಭಾಗ). ಇಲ್ಲಿ ಸಿಗದಿದ್ದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದರೆ ಎಲ್ಲ ಸಿಗುತ್ತದೆ.

ಕೀಳುವ ಮುಂಚೆ ಬೋರ್ಡ್ ನೋಡಿ

ಚಿಪ್ ಇನ್ನೂ ಬೋರ್ಡ್‌ನಲ್ಲೇ ಇದ್ದರೆ ನಿಮ್ಮ ಅದೃಷ್ಟ. ಕೀಳಬೇಡಿ. ಬೋರ್ಡ್‌ನ ಎರಡೂ ಬದಿಯ ಫೋಟೋ ತೆಗೆಯಿರಿ. ಪ್ರೊಸೆಸರ್ ಮೇಲೆ ಹೆಸರಿಲ್ಲದಿದ್ದರೂ ಅಕ್ಕಪಕ್ಕದ ಚಿಪ್‌ಗಳ ಮೇಲೆ ಇರುತ್ತದೆ. ಪಕ್ಕದಲ್ಲಿ 8284 ಅನ್ನುವ ನಂಬರಿನ ಚಿಪ್ ಇದ್ದರೆ ಅದು 8086 ಅಥವಾ 8088 ಪ್ರೊಸೆಸರ್‌ನ ಮನೆ. 8224 ಮತ್ತು 8228 ಜೊತೆಯಾಗಿ ಕಂಡರೆ 8080. ಒಂದೇ ಒಂದು 74ಎಲ್‌ಎಸ್373 ಪ್ರೊಸೆಸರ್‌ಗೆ ಅಂಟಿಕೊಂಡಂತೆ ಇದ್ದರೆ 8085 ಅಥವಾ 8031 ಇರುವ ಸಾಧ್ಯತೆ ಹೆಚ್ಚು. ಇವೆರಡೂ ವಿಳಾಸ ಮತ್ತು ಡೇಟಾವನ್ನು ಒಂದೇ ತಂತಿಯಲ್ಲಿ ಕಳಿಸುತ್ತವೆ, ಬೇರೆ ಮಾಡಲು ಆ ಲ್ಯಾಚ್ ಬೇಕು.

ಕ್ರಿಸ್ಟಲ್ ಮೇಲಿನ ಅಂಕಿ ಓದಿ. ಅದು ತಗಡಿನ ಡಬ್ಬಿಯ ಮೇಲೆ ಒತ್ತಿದ್ದು, ಬೇಗ ಅಳಿಸುವುದಿಲ್ಲ. 14.31818 ಇದ್ದರೆ ಹಳೇ ಪಿಸಿ ಬೋರ್ಡ್: ಮೂರರಿಂದ ಭಾಗಿಸಿದರೆ 4.77 ಮೆಗಾಹರ್ಟ್ಸ್, ಅದೇ 8088ರ ವೇಗ. 11.0592 ಇದ್ದರೆ ಬಹುಪಾಲು 8051 ಕುಟುಂಬ. 6.144 ಇದ್ದರೆ 8085 ಅಂತ ಅನುಮಾನಿಸಿ, ಒಳಗೆ ಅದು ಅರ್ಧವಾಗಿ 3.072 ಆಗುತ್ತದೆ.

ನನ್ನ ಮುಂದಿದ್ದ ಬೋರ್ಡ್‌ನಲ್ಲಿ ಇದ್ದದ್ದು 6.144. ಕ್ರಿಸ್ಟಲ್‌ನ ಎರಡು ಕಾಲಿನಿಂದ ಹೊರಟ ಗೆರೆ ಒಂದು ಸಾಕೆಟ್‌ನ 1 ಮತ್ತು 2ನೇ ಕಿಂಡಿಗೆ ಹೋಗಿತ್ತು. ಅಂದರೆ ಆ ಸಾಕೆಟ್ 8085ರದ್ದು, ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗಳಲ್ಲಿ ಇರುತ್ತಿದ್ದಂಥ ಟ್ರೈನರ್ ಕಿಟ್. ಸಾಕೆಟ್ ಯಾರದು ಅಂತ ಗೊತ್ತಾಯಿತು. ಡಬ್ಬಿಯಲ್ಲಿದ್ದ ಎರಡರಲ್ಲಿ ಯಾವುದು ಅಲ್ಲಿ ಕೂರಬೇಕು ಅನ್ನುವುದು ಗೊತ್ತಾಗಲಿಲ್ಲ.

ಮಾಸಿದ ಅಕ್ಷರ ಓದುವುದು

ಅಕ್ಷರ ಇಲ್ಲದಿರುವುದಕ್ಕೆ ಕಾರಣ ಒಂದೇ ಅಲ್ಲ. ಬಿಳಿ ಶಾಯಿಯಲ್ಲಿ ಅಚ್ಚು ಹಾಕಿದ್ದು ಬೆರಳು ತಾಗಿ ತಾಗಿ ಮಾಸುತ್ತದೆ. ತಮ್ಮ ಡಿಸೈನ್ ಬೇರೆಯವರು ಕದಿಯಬಾರದು ಅಂತ ಉಪಕರಣ ಮಾಡಿದವರೇ ಉಜ್ಜಿ ತೆಗೆದಿರುತ್ತಾರೆ. ಇನ್ನು ಕೆಲವನ್ನು ಮೋಸಕ್ಕಾಗಿ ಉಜ್ಜಿ, ಕಪ್ಪು ಬಣ್ಣ ಬಳಿದು, ಹೊಸ ಹೆಸರು ಹಾಕಿ ಮಾರುತ್ತಾರೆ.

ಮೊದಲು ಕೋಣೆ ಕತ್ತಲು ಮಾಡಿ. ಮೊಬೈಲ್ ಟಾರ್ಚನ್ನು ಚಿಪ್‌ನ ಪಕ್ಕದಲ್ಲಿ, ಮೇಜಿಗೆ ಸಮವಾಗಿ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದರೆ ಮೇಲಿಂದ ಕಾಣದ ಗೀರು ಕಾಣುತ್ತದೆ. ಆಮೇಲೆ ಬಾಯಿಂದ ಬೆಚ್ಚಗೆ ಉಸಿರು ಬಿಡಿ. ಕನ್ನಡಿಗೆ ಮಂಜು ಹಿಡಿದ ಹಾಗೆ ಹಿಡಿಯುತ್ತದೆ, ಶಾಯಿ ಇದ್ದ ಜಾಗದಲ್ಲಿ ಮಾತ್ರ ಬೇರೆ ಥರ. ಎರಡು ಮೂರು ಸೆಕೆಂಡ್ ಅಷ್ಟೇ, ಅಷ್ಟರಲ್ಲಿ ಫೋಟೋ ತೆಗೆಯಬೇಕು. ಲೇಸರ್‌ನಲ್ಲಿ ಕೊರೆದ ಅಕ್ಷರವಾದರೆ ಸೀಮೆಸುಣ್ಣದ ಪುಡಿ ತಿಕ್ಕಿ ಮೇಲಿಂದ ಒರೆಸಿ, ತಗ್ಗಿನಲ್ಲಿ ಪುಡಿ ಉಳಿಯುತ್ತದೆ. ಇವೆಲ್ಲ ಆಗುವವರೆಗೆ ಅಸಿಟೋನ್ ಮುಟ್ಟಬೇಡಿ, ಅಳಿದುಳಿದ ಶಾಯಿಯೂ ಹೋಗುತ್ತದೆ. ಕಪ್ಪು ಬಣ್ಣ ಬಳಿದ ಅನುಮಾನ ಇದ್ದಾಗ ಮಾತ್ರ ಹತ್ತಿಗೆ ಅಸಿಟೋನ್ ತಾಗಿಸಿ ಒಂದು ಮೂಲೆಯಲ್ಲಿ ಒರೆಸಿ. ಹತ್ತಿ ಕಪ್ಪಾಗಿ ಕೆಳಗೆ ಉಜ್ಜಿದ ಗೀರು ಕಂಡರೆ ಅದು ವೇಷ ಹಾಕಿದ ಚಿಪ್.

ಹೊಟ್ಟೆಯ ಕಡೆ ನೋಡುವುದನ್ನು ಮರೆಯಬೇಡಿ. ತಲೆಯ ಮೇಲೆ ಉಜ್ಜುವವರು ಕೆಳಗೆ ಉಜ್ಜುವುದು ಕಡಿಮೆ. ದೇಶದ ಹೆಸರು, ತಯಾರಾದ ವಾರ ಅಲ್ಲೇ ಸಿಗಬಹುದು. ನಾಲ್ಕು ಅಂಕಿ ಇದ್ದರೆ ಸಾಮಾನ್ಯವಾಗಿ ಮೊದಲೆರಡು ವರ್ಷ, ಉಳಿದೆರಡು ವಾರ: 8423 ಅಂದರೆ 1984ರ 23ನೇ ವಾರ. ಎಷ್ಟೋ ಜನ ಇದನ್ನೇ ಚಿಪ್‌ನ ನಂಬರ್ ಅಂದುಕೊಂಡು ದಾರಿ ತಪ್ಪುತ್ತಾರೆ.

ಕಾಲು ಎಣಿಸಿ

ಎರಡು ಸಾಲು ಕಾಲಿನ ಚಿಪ್ ಆದರೆ ಎಣಿಕೆ ಸುಲಭ. 16 ಕಾಲಿದ್ದರೆ 1971ರ 4004 ಇರಬಹುದು, ಆದರೆ 16 ಕಾಲಿನ ಸಾಮಾನ್ಯ ಚಿಪ್‌ಗಳು ಲೆಕ್ಕವಿಲ್ಲದಷ್ಟಿವೆ, ಸುಮ್ನೆ ಆಸೆ ಪಡಬೇಡಿ. 8008ಕ್ಕೆ 18. ಅಗಲವಾದ, ಗೇಣುದ್ದ ಅನ್ನಿಸುವ 64 ಕಾಲಿನದು ಸಿಕ್ಕರೆ ಮೊಟೊರೋಲಾದ 68000 ಅಂತ ಮೊದಲು ಅನುಮಾನಿಸಿ, 1979ರ ಚಿಪ್ ಅದು. ಉಳಿದ ಹೆಚ್ಚಿನವು, 8080, 8085, 8086, ಝಡ್80, 6502, ಎಲ್ಲಕ್ಕೂ 40.

ಸ್ಕೇಲ್ ಇಟ್ಟು ಉದ್ದವನ್ನೂ ಅಳೆಯಿರಿ. 40 ಕಾಲಿನ ಚಿಪ್‌ನಲ್ಲಿ ಒಂದು ಸಾಲಿನ ಮೊದಲ ಕಾಲಿನಿಂದ ಕೊನೆಯ ಕಾಲಿಗೆ 48.26 ಮಿಲಿಮೀಟರ್ ಇರಬೇಕು. 47.5 ಬಂದರೆ ಅದು ಸೋವಿಯತ್ ಕಡೆಯ ಚಿಪ್ ಇರಬಹುದು. ಅವರು ಕಾಲಿನ ನಡುವೆ 2.54ರ ಬದಲು 2.5 ಮಿಲಿಮೀಟರ್ ಬಿಡುತ್ತಿದ್ದರು.

ಚೌಕಾಕಾರದ, ಕೆಳಗೆ ಮುಳ್ಳಿನ ಹಾಸಿಗೆಯಂತೆ ಪಿನ್ ಇರುವ ಚಿಪ್ ಆದರೆ ಒಂದೊಂದನ್ನೇ ಎಣಿಸುತ್ತಾ ಕೂರಬೇಡಿ. ಒಂದು ಅಂಚಿನಲ್ಲಿ ಎಷ್ಟು ಪಿನ್, ಹೊರಗಿನಿಂದ ಒಳಕ್ಕೆ ಎಷ್ಟು ಸುತ್ತು, ಇಷ್ಟು ಸಾಕು. ಅಂಚಿಗೆ 14, ಮೂರು ಸುತ್ತು ಅಂದುಕೊಳ್ಳಿ. 14ರ ವರ್ಗ 196. ನಡುವಿನ ಖಾಲಿ ಜಾಗ 8ರ ವರ್ಗ, 64. ಕಳೆದರೆ 132. ಅದು 386ಡಿಎಕ್ಸ್. ಅಂಚಿಗೆ 17, ಮೂರು ಸುತ್ತು: 289ರಲ್ಲಿ 121 ಹೋದರೆ 168, ಅದು 486. ಅಂಚಿಗೆ 21, ನಾಲ್ಕು ಸುತ್ತು, ಜೊತೆಗೆ ಒಂದು ಒಂಟಿ ಪಿನ್: 273, ಅಂದರೆ 1993ರ ಮೊದಲ ಪೆಂಟಿಯಂ, 60 ಅಥವಾ 66 ಮೆಗಾಹರ್ಟ್ಸ್‌ನದು. ಮಕ್ಕಳಿಗೆ ಈ ಲೆಕ್ಕ ತೋರಿಸಿದರೆ ಅವರೇ ಎಣಿಸಲು ಕೂರುತ್ತಾರೆ. ಪಿನ್‌ಗಳು ಸಾಲು ಬಿಟ್ಟು ಸಾಲು ಜರುಗಿದ್ದರೆ ಆಮೇಲಿನ ಪೆಂಟಿಯಂ ಕಾಲದ್ದು. ಚೌಕ ಅಲ್ಲದೆ ಆಯತಾಕಾರದ, ಕೈಗೆ ಭಾರ ಅನ್ನಿಸುವ ಸೆರಾಮಿಕ್ ಚಿಪ್‌ಗೆ 387 ಪಿನ್ ಇದ್ದರೆ ಅದು ಪೆಂಟಿಯಂ ಪ್ರೊ. ಆಸಿಡ್‌ನವರು ಮೊದಲು ಕೈ ಹಾಕುವುದು ಅದಕ್ಕೇ.

68 ಪಿನ್ ಕಂಡ ತಕ್ಷಣ 286 ಅನ್ನಬೇಡಿ. 80186ಕ್ಕೂ 68, 386ರ ಜೊತೆಗಾರ 387 ಗಣಿತ ಚಿಪ್‌ಗೂ 68. 168 ಪಿನ್‌ನದನ್ನು ಬೋರ್ಡ್‌ಗೆ ಹಾಕುವಾಗ ಜಂಪರ್ (ವೋಲ್ಟೇಜ್ ಆರಿಸುವ ಪುಟ್ಟ ಕ್ಲಿಪ್) ಮೊದಲು 3.3 ವೋಲ್ಟ್‌ಗೆ ಇಡಿ. ಹಳೇ 486ಗೆ 5 ವೋಲ್ಟ್ ಬೇಕು, ಡಿಎಕ್ಸ್4ಗೆ 3.3 ಸಾಕು, ನೋಡಲು ಎರಡೂ ಒಂದೇ. ಕಡಿಮೆ ಕೊಟ್ಟರೆ ಓಡದೇ ಇರಬಹುದು. ಹೆಚ್ಚು ಕೊಟ್ಟರೆ ಸುಡುತ್ತದೆ. ಬಗ್ಗಿದ ಪಿನ್ ನೆಟ್ಟಗೆ ಮಾಡಲು ಲೀಡ್ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿ ಒಳ್ಳೆಯದು. ಪಿನ್ ಮೇಲೆ ತೊಡಿಸಿ ಮೆಲ್ಲಗೆ ಎತ್ತಿ.

ಕರೆಂಟ್ ಕಾಲು ಯಾವುದು?

40 ಕಾಲಿನ ಚಿಪ್‌ನ ಗುಟ್ಟು ಇರುವುದು ಇಲ್ಲಿ. ಎಲ್ಲ ಪ್ರೊಸೆಸರ್‌ಗೂ ಕರೆಂಟ್ ಬೇಕು. ಆದರೆ ಯಾವ ಕಾಲಲ್ಲಿ ಅನ್ನುವುದು ಒಬ್ಬೊಬ್ಬ ತಯಾರಕರಿಗೆ ಒಂದೊಂದು ಥರ.

ಚಿಪ್‌ನ ಕಚ್ಚು ಮೇಲೆ ಬರುವಂತೆ ಹಿಡಿಯಿರಿ. ಎಡಗಡೆ ಮೇಲಿನದು 1, ಕೆಳಕ್ಕೆ ಬಂದರೆ 20. ಬಲಗಡೆ ಕೆಳಗಿನದು 21, ಮೇಲಕ್ಕೆ ಹೋದರೆ 40. ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಮೊದಲು 1 ಮತ್ತು 20 ಮುಟ್ಟಿ, ಆಮೇಲೆ 1 ಮತ್ತು 21. 1 ಮತ್ತು 20 ಕೂಡಿಕೊಂಡಿದ್ದರೆ ಎರಡೂ ಗ್ರೌಂಡ್, ಅದು 8086ರ ಮನೆತನ: 8086, 8088, 8087. ಮೂವರಿಗೂ 5 ವೋಲ್ಟ್ 40ರಲ್ಲಿ. 1 ಮತ್ತು 21 ಕೂಡಿದ್ದರೆ 6502 ಅಥವಾ 6800, ಇವಕ್ಕೆ 5 ವೋಲ್ಟ್ 8ರಲ್ಲಿ.

ಎರಡೂ ಬೀಪ್ ಆಗದಿದ್ದರೆ ಮೀಟರನ್ನು ಡಯೋಡ್‌ಗೆ ತಿರುಗಿಸಿ. ಕೆಂಪು ಮೊನೆಯನ್ನು ಗ್ರೌಂಡ್ ಅಂತ ಅನುಮಾನ ಇರುವ ಕಾಲಿಗೆ ಇಟ್ಟು, ಕಪ್ಪು ಮೊನೆಯನ್ನು ಉಳಿದವುಗಳ ಮೇಲೆ ಒಂದೊಂದಾಗಿ ಎಳೆಯಿರಿ. ಹಳೇ ಎನ್‌ಮಾಸ್ (ಆ ಕಾಲದ ಚಿಪ್ ತಯಾರಿಕೆಯ ವಿಧಾನ) ಚಿಪ್‌ಗಳಲ್ಲಿ ನಿಜವಾದ ಗ್ರೌಂಡ್ ಸಿಕ್ಕಾಗ ಹೆಚ್ಚುಕಡಿಮೆ ಎಲ್ಲ ಕಾಲಲ್ಲೂ 0.5ರಿಂದ 0.7ರ ಆಸುಪಾಸಿನ ಅಂಕಿ ಬರುತ್ತದೆ. ಮೊನೆ ಅದಲುಬದಲು ಮಾಡಿದರೆ ಬರುವುದಿಲ್ಲ. ಕೆಂಪು 20ರಲ್ಲಿ ಇದ್ದಾಗ ಹೀಗಾದರೆ 8085, 8051ರ ಗುಂಪು. 29ರಲ್ಲಿ ಆದರೆ ಝಡ್80, ಅದಕ್ಕೆ 5 ವೋಲ್ಟ್ 11ರಲ್ಲಿ. 11ರಲ್ಲಿ ಆದರೆ ಎರಡು ಸಾಧ್ಯತೆ. ಒಂದು, ಝಡ್80ರ ಸಹಾಯಕ ಪಿಐಒ: ಗ್ರೌಂಡ್ 11, 5 ವೋಲ್ಟ್ 26. ಇನ್ನೊಂದು 8080: ಅದರ ತಳ, ಅಂದರೆ ಒಳಗಿನ ಸಿಲಿಕಾನ್ ಬಿಲ್ಲೆ, ನಿಂತಿರುವುದು ಮೈನಸ್ 5 ವೋಲ್ಟ್ ಮೇಲೆ, ಆ ಕಾಲು 11. 8080ಗೆ ಗ್ರೌಂಡ್ 2ರಲ್ಲಿ, 5 ವೋಲ್ಟ್ 20ರಲ್ಲಿ, 12 ವೋಲ್ಟ್ 28ರಲ್ಲಿ. ಮೈನಸ್ 5 ಮೊದಲು ಬರಬೇಕು, ಕೊನೆಗೆ ಹೋಗಬೇಕು. 8086ರಂಥವು ತಳಕ್ಕೆ ಬೇಕಾದ ಮೈನಸ್ ವೋಲ್ಟೇಜ್ ಅನ್ನು ಒಳಗೇ ತಯಾರಿಸಿಕೊಳ್ಳುವುದರಿಂದ ಅವುಗಳ ಮೇಲೆ ಡಯೋಡ್ ಅಂಕಿ ನಂಬಬೇಡಿ, ಬೀಪ್ ನಂಬಿ.

ಈ 11ನೇ ಕಾಲಿನ ವಿಷಯ ಬಿಡಿಸಿ ಹೇಳಲು ಕಾರಣ ಇದೆ. ವರ್ಷಗಳ ಹಿಂದೆ ನಾನು ಪಿಐಒ ಒಂದನ್ನು ಝಡ್80 ಅಂದುಕೊಂಡು 11ಕ್ಕೆ 5 ವೋಲ್ಟ್ ಕೊಟ್ಟೆ. ಅಂದರೆ ಅದರ ಗ್ರೌಂಡ್‌ಗೇ ಕೊಟ್ಟೆ. ಎರಡು ಸೆಕೆಂಡಲ್ಲಿ ಬೆರಳಿಡಲಾಗದಷ್ಟು ಕಾದು ಸತ್ತುಹೋಯಿತು. ಇವತ್ತಿಗೂ ಬೇಜಾರಿದೆ. ಅಂದಿನಿಂದ ಮೀಟರ್ ಹಿಡಿಯದೆ ಕರೆಂಟ್ ಕೊಟ್ಟಿಲ್ಲ. ಸಪ್ಲೈಗೆ 200 ಮಿಲಿಆಂಪ್ ಮಿತಿ ಹಾಕಿಕೊಳ್ಳಿ. ಎನ್‌ಮಾಸ್ ಚಿಪ್ 100 ಮಿಲಿಆಂಪ್‌ಗಿಂತ ಜಾಸ್ತಿ ಎಳೆದು ಉಗುರುಬೆಚ್ಚಗಾಗುವುದು ಸಹಜ, ಅದಕ್ಕೆ ಹೆದರಬೇಡಿ.

20–40ರ ಗುಂಪು

ನನ್ನ ಎರಡು ಚಿಪ್‌ಗೂ ಗ್ರೌಂಡ್ 20ರಲ್ಲಿ, 5 ವೋಲ್ಟ್ 40ರಲ್ಲಿ. ಸಾಕೆಟ್‌ಗಳೂ ಹಾಗೇ. ಈ ಗುಂಪಿನಲ್ಲಿ ತುಂಬ ಜನ ಇದ್ದಾರೆ: 8085, 8051, 8155, ಕೀಪ್ಯಾಡ್ ಮತ್ತು ಡಿಸ್‌ಪ್ಲೇ ನೋಡಿಕೊಳ್ಳುವ 8279. ಹೀಗಾಗಿ ಕರೆಂಟ್ ಕಾಲು ಇಲ್ಲಿ ಉತ್ತರ ಕೊಡುವುದಿಲ್ಲ. ಆದರೆ ಕ್ರಿಸ್ಟಲ್ ಕೊಡುತ್ತದೆ. ಒಳಗೇ ಗಡಿಯಾರ ಇರುವ ಚಿಪ್ ಮಾತ್ರ ಕ್ರಿಸ್ಟಲ್ ಕಟ್ಟಿದರೆ ಮಿಡಿಯುತ್ತದೆ.

ಬ್ರೆಡ್‌ಬೋರ್ಡ್‌ಗೆ ಚಿಪ್ ಕೂರಿಸಿ. 20ನ್ನು ಗ್ರೌಂಡ್‌ಗೆ, 40ನ್ನು 5 ವೋಲ್ಟ್‌ಗೆ ಕಟ್ಟಿ. 6 ಮೆಗಾಹರ್ಟ್ಸ್ ಕ್ರಿಸ್ಟಲ್ ಅನ್ನು 1 ಮತ್ತು 2ರ ನಡುವೆ ಹಾಕಿ. 36ನ್ನು 10 ಕಿಲೋಓಮ್ ಮೂಲಕ 5 ವೋಲ್ಟ್‌ಗೆ, 1 ಮೈಕ್ರೋಫ್ಯಾರಡ್ ಮೂಲಕ ಗ್ರೌಂಡ್‌ಗೆ ಕಟ್ಟಿ. 35ನ್ನು 5 ವೋಲ್ಟ್‌ಗೆ. 39, 6, 7, 8, 9, 10 ಗ್ರೌಂಡ್‌ಗೆ, ಒಂದೊಂದಕ್ಕೂ ಒಂದು ಕಿಲೋಓಮ್ ರೆಸಿಸ್ಟರ್ ಇರಲಿ. ಅನುಮಾನ ತಪ್ಪಾಗಿದ್ದರೆ ಚಿಪ್ ಉಳಿಸುವುದು ಆ ರೆಸಿಸ್ಟರ್. ಈಗ 37ರಲ್ಲಿ ಫ್ರೀಕ್ವೆನ್ಸಿ ನೋಡಿ. ಸರಿಯಾಗಿ 3 ಮೆಗಾಹರ್ಟ್ಸ್ ಬಂದರೆ ಅದು 8085.

ಏನೂ ಬರದಿದ್ದರೆ 8051 ಇರಬಹುದು. ಕ್ರಿಸ್ಟಲ್ ಅನ್ನು 18 ಮತ್ತು 19ಕ್ಕೆ ಬದಲಿಸಿ, ಎರಡಕ್ಕೂ 33 ಪಿಕೋಫ್ಯಾರಡ್ ಕೆಪಾಸಿಟರ್ ಗ್ರೌಂಡ್‌ಗೆ ಹಾಕಿ. 9ನೇ ಕಾಲು ಅದರ ರೀಸೆಟ್, ಕ್ಷಣ ಹೊತ್ತು 5 ವೋಲ್ಟ್ ತೋರಿಸಿ ಗ್ರೌಂಡ್‌ಗೆ ತನ್ನಿ. 30ರಲ್ಲಿ ಕ್ರಿಸ್ಟಲ್‌ನ ಆರನೇ ಒಂದು ಪಾಲು, ಅಂದರೆ 1 ಮೆಗಾಹರ್ಟ್ಸ್ ಕಾಣಬೇಕು. ಚಿಪ್ ಮೇಲೆ ಗಾಜಿನ ಕಿಟಕಿ ಇದ್ದರೆ ಅದು 8751 ಅಥವಾ 8748 ಇರಬಹುದು. ಕಿಟಕಿಗೆ ಕೂಡಲೇ ಸ್ಟಿಕ್ಕರ್ ಹಚ್ಚಿ, ಬಿಸಿಲಿಗೆ ಒಳಗಿನ ಪ್ರೋಗ್ರಾಂ ನಿಧಾನಕ್ಕೆ ಅಳಿಸಿಹೋಗುತ್ತದೆ.

ನಾನು ಮೊದಲು ಕೂರಿಸಿದ ಚಿಪ್ ಎರಡು ಪರೀಕ್ಷೆಯಲ್ಲೂ ಸುಮ್ಮನಿತ್ತು. ಎರಡನೆಯದನ್ನು ಕೂರಿಸಿ ಸ್ವಿಚ್ ಹಾಕಿದೆ. ಮೀಟರ್ ಒಂದು ಕ್ಷಣ ತಡವರಿಸಿ 3.000ರಲ್ಲಿ ನಿಂತಿತು. ಎಷ್ಟು ವರ್ಷ ಮಲಗಿತ್ತೋ ಏನೋ, ಎದ್ದು ಉತ್ತರ ಕೊಟ್ಟಿತು. ಎರಡನ್ನೂ ಸಾಕೆಟ್‌ಗಳಿಗೆ ಹಾಕಿದಾಗ ಡಿಸ್‌ಪ್ಲೇ ಬೆಳಗಿತು, ಕೀಪ್ಯಾಡ್ ಒತ್ತಿದರೆ ಅಂಕಿ ಬಂತು. ಹಾಗಾದರೆ ಸುಮ್ಮನಿದ್ದ ಇನ್ನೊಂದು 8279 ಅನ್ನುವುದೂ ಖಚಿತವಾಯಿತು.

ಝಡ್80ಗೆ ಒಂದು ದೀಪ

1976ರ ಝಡ್80 ಸಿಕ್ಕರೆ ಈ ಪರೀಕ್ಷೆ ಮಾಡಲೇಬೇಕು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಅದಕ್ಕೆ 00 ಅಂದರೆ "ಏನೂ ಮಾಡಬೇಡ, ಮುಂದಕ್ಕೆ ಹೋಗು". ಎಂಟು ಡೇಟಾ ಕಾಲುಗಳನ್ನು (7, 8, 9, 10, 12, 13, 14, 15) ಒಂದೊಂದು ಕಿಲೋಓಮ್ ಮೂಲಕ ಗ್ರೌಂಡ್‌ಗೆ ಕಟ್ಟಿದರೆ ಅದಕ್ಕೆ ಸದಾ 00 ಕೇಳಿಸುತ್ತದೆ. 16, 17, 24, 25ನ್ನು 4.7 ಕಿಲೋಓಮ್ ಮೂಲಕ 5 ವೋಲ್ಟ್‌ಗೆ ಕಟ್ಟಿ. 26 ರೀಸೆಟ್, ಅದನ್ನೂ ಹಾಗೇ ಮೇಲಕ್ಕೆ ಕಟ್ಟಿ ಒಮ್ಮೆ ಗ್ರೌಂಡ್‌ಗೆ ಮುಟ್ಟಿಸಿ ಬಿಡಿ. 6ಕ್ಕೆ 1 ಮೆಗಾಹರ್ಟ್ಸ್ ಆಸಿಲೇಟರ್, ಜೊತೆಗೆ ಆ ಕಾಲನ್ನು 330 ಓಮ್ ಮೂಲಕ 5 ವೋಲ್ಟ್‌ಗೂ ಕಟ್ಟಿ. ಎಲ್‌ಇಡಿಯ ಉದ್ದ ಕಾಲನ್ನು 2.2 ಕಿಲೋಓಮ್ ಮೂಲಕ 5 ವೋಲ್ಟ್‌ಗೆ, ಗಿಡ್ಡ ಕಾಲನ್ನು ಚಿಪ್‌ನ 5ನೇ ಕಾಲಿಗೆ ಸೇರಿಸಿ.

ಒಂದು ಹೆಜ್ಜೆಗೆ ನಾಲ್ಕು ಮಿಡಿತ, ಒಟ್ಟು 65,536 ವಿಳಾಸ. ಒಂದು ಸುತ್ತಿಗೆ 2,62,144 ಮಿಡಿತ. ಅಂದರೆ ದೀಪ ಸೆಕೆಂಡಿಗೆ ಸುಮಾರು 3.8 ಸಲ ಮಿನುಗಬೇಕು. ಕತ್ತಲಲ್ಲಿ ನೋಡಿ: ದೀಪ ಪೂರ್ತಿ ಆರುವುದಿಲ್ಲ, ಒಮ್ಮೆ ಜೋರಾಗಿ, ಒಮ್ಮೆ ಮಂದವಾಗಿ ಉರಿಯುತ್ತದೆ. ಪ್ರತಿ ಹೆಜ್ಜೆಯ ಅರ್ಧ ಹೊತ್ತು ಝಡ್80 ಮೆಮೊರಿ ತಾಜಾ ಮಾಡುವ ವಿಳಾಸ ಕಳಿಸುತ್ತದೆ, ಆಗ 5ನೇ ಕಾಲು ಗ್ರೌಂಡ್ ಮಟ್ಟಕ್ಕೆ ಇಳಿದು ದೀಪ ಉರಿಯುತ್ತದೆ. ಆ ಮಂದ ಬೆಳಕೇ ಝಡ್80ರ ಸಹಿ. ಪೂರ್ವ ಜರ್ಮನಿಯ ಯುಎ880 ಕೂಡ ಇದರ ಪ್ರತಿರೂಪ, ಅದೂ ಹೀಗೇ ಮಿನುಗುತ್ತದೆ.

ಅವಳಿಗಳು

ಕಾಲಿಗೆ ಕಾಲು ಹೊಂದುವ ಅವಳಿಗಳನ್ನು ಬೇರೆ ಮಾಡಲು ಚಿಪ್ ಓಡುತ್ತಿರಬೇಕು. 8088ರ ಜಾಗದಲ್ಲಿ ಕೂರುವ ಎನ್‌ಇಸಿಯ ವಿ20ಗೆ ಎಎಡಿ ಆಜ್ಞೆಯಲ್ಲಿ ಯಾವ ಸಂಖ್ಯೆ ಕೊಟ್ಟರೂ ಅದು ಹತ್ತರಿಂದಲೇ ಗುಣಿಸುತ್ತದೆ, ಇಂಟೆಲ್‌ನದು ಕೊಟ್ಟ ಸಂಖ್ಯೆಯಿಂದ. ಝಡ್80ಗೆ ಇಡಿ 71 ಅನ್ನುವ ಆಜ್ಞೆ ಕೊಟ್ಟರೆ ಹಳೇ ಎನ್‌ಮಾಸ್ 0 ಹೊರಗೆ ಕಳಿಸುತ್ತದೆ, ಆಮೇಲೆ ಬಂದ ಸಿಮಾಸ್ ತಯಾರಿಕೆಯದು ಎಫ್‌ಎಫ್ (ಅಂದರೆ 255) ಕಳಿಸುತ್ತದೆ. 486 ಕಾಲದ ನಂತರದವನ್ನು ಹೊಂದುವ ಮದರ್‌ಬೋರ್ಡ್‌ಗೆ ಹಾಕಿದರೆ ಸಾಮಾನ್ಯವಾಗಿ ಪರದೆಯೇ ಹೆಸರು ಹೇಳುತ್ತದೆ.

ಚೀಟಿ ಬರೆದಿಡಿ

ಪತ್ತೆಯಾದ ಮೇಲೆ ಚಿಪ್ ಮೇಲೆ ಪೆನ್ನಿನಲ್ಲಿ ಬರೆಯಬೇಡಿ. ಮುಂದೆ ಯಾರಾದರೂ ಇನ್ನೂ ಚೆನ್ನಾಗಿ ಓದಬಹುದಾದ ಗುರುತು ಅದರ ಕೆಳಗೆ ಮುಚ್ಚಿಹೋಗುತ್ತದೆ. ಥರ್ಮೊಕೋಲ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಅದರಲ್ಲಿ ಚುಚ್ಚಿಡಿ. ಬರಿ ಥರ್ಮೊಕೋಲ್ ಬೇಡ, ನಮ್ಮ ಕಡೆಯ ಒಣ ಗಾಳಿಗೆ ಅದರಲ್ಲಿ ಸ್ಟ್ಯಾಟಿಕ್ ಕೂರುತ್ತದೆ. ಪಕ್ಕದಲ್ಲಿ ಚೀಟಿ ಇರಲಿ. ಹೆಸರಷ್ಟೇ ಸಾಲದು, ಹೇಗೆ ಗೊತ್ತಾಯಿತು ಅನ್ನುವುದನ್ನೂ ಬರೆಯಿರಿ. ಅಂಗಡಿಯವರಿಗೆ ವಾಪಸ್ ಕೊಟ್ಟ ಬೋರ್ಡ್‌ಗೆ ನಾನು ಅಂಟಿಸಿದ ಚೀಟಿ ಹೀಗಿದೆ:

"ಚಿಪ್ 1: 8085. ಗ್ರೌಂಡ್ 20, 5 ವೋಲ್ಟ್ 40. 6 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ 37ರಲ್ಲಿ 3 ಮೆಗಾಹರ್ಟ್ಸ್ ಬಂತು. ಚಿಪ್ 2: 8279. ಕ್ರಿಸ್ಟಲ್‌ಗೆ ಮಿಡಿಯಲಿಲ್ಲ, ಬೋರ್ಡ್‌ನಲ್ಲಿ ಕೀಪ್ಯಾಡ್, ಡಿಸ್‌ಪ್ಲೇ ನಡೆಸಿತು. ಎರಡೂ ಜೀವಂತ. ಆಸಿಡ್‌ಗೆ ಕೊಡಬೇಡಿ."